ಮೂರು ತಾಸು, ಮ್ಯಾಲೆ ಹದಿನೈದು ನಿಮಿಷ

ಹಾಸ್ಟೆಲಿನ ಅಡಗಿ ಮನ್ಯಾಗ ಗಡಿಯಾರ ಇಲ್ಲ.
ನನ್ನ ಲೆಕ್ಕ ಬ್ಯಾರೆ:
ತೊಗರಿಬ್ಯಾಳಿ ಕುದ್ದು ಹದಕ್ಕ ಬರಾಕ ಒಂದು ತಾಸು,
ಅರವತ್ತು ಹುಡುಗರ ರೊಟ್ಟಿ ಬಡಿಯಾಕ ಮೂರು ತಾಸು,
ಕಡೀ ರೊಟ್ಟಿ ಇಳಿಸಿ, ಸೊಂಟ ಹಿಡಕೊಂಡು ಏಳಾಕ
ಇನ್ನೊಂದು ಹದಿನೈದು ನಿಮಿಷ.
ಪರೀಕ್ಷಾನೂ ಅಷ್ಟ ಉದ್ದ ಅಂತ
ವಾರ್ಡನ್ ಸಾಹೇಬ್ರು ಹೇಳಿದಾಗ
ಅಯ್ಯ, ಅದು ನಾ ಕಂಡ ಉದ್ದಾನ ಬಿಡ್ರಿ ಅಂದೆ.

ಮಸ್ಕಿಯ ಮಾರ್ಚ್ ತಿಂಗಳು.
ಗುಡ್ಡದ ಬಂಡಿ ರಾತ್ರಿ ಹತ್ತಕ್ಕೂ ಬಿಸಿ ಉಗುಳತಾವ.
ಹೋದ ವರ್ಷ ಮೊದಲನೇ ದಿನ
ಹುಡುಗರು ಖುಷಿ ಆಗಲಿ ಅಂತ ಪುರಿ ಕರದಿದ್ದೆ.
ಯಂಕೋಬ ಎಂಟು ತಿಂದು ಹೋದ.
ಒಂದು ತಾಸು ಬರದ, ಎರಡನೇ ತಾಸಿಗೆ
ಪೇಪರಿನ ಮ್ಯಾಲೆ ತಲಿ ಇಟ್ಟು ಮಲಗಿದನಂತ.
ಮೂರು ಮಾರ್ಕಿನಾಗ ಹೋದ.
ಆ ಮೂರು ಮಾರ್ಕು
ನನ್ನ ಬಾಂಡ್ಲಿಯಾಗ ಕರದು ಹೋಗಿದ್ವು.

ಈ ಸಲ ಯಾರ ಮಾತೂ ಕೇಳಿಲ್ಲ.
ಮುಂಜಾನಿ ಏಳಕ್ಕ ಜೋಳದ ನುಚ್ಚು, ಮಜ್ಜಿಗಿ.
ಉಪ್ಪು ಒಂದು ಚಿಟಿಗಿ ಜಾಸ್ತಿ,
ಈ ಊರ ಬಿಸಿಲು ಉಪ್ಪಿನಾಗ ಬಡ್ಡಿ ಕೇಳತೈತಿ.
ಒಂಬತ್ತಕ್ಕ, ಚಪ್ಪಲಿ ಮೆಟ್ಟೂ ಹೊತ್ತಿಗೆ,
ಅಂಗೈ ತುಂಬ ಹುರದ ಶೇಂಗಾ, ಒಂದು ಹಳ್ಳು ಬೆಲ್ಲ.
ಕಿಸೇಕ ಹಾಕಬ್ಯಾಡ್ರೋ, ನಿಮಗಿಂತ ಮೊದಲು ಇರಿವಿ ಪಾಸಾದಾವು,
ಇಲ್ಲೇ ಅಗೀರಿ, ನನ್ನ ಕಣ್ಣ ಮುಂದ.
ಚಹಾ ಅರ್ಧ ಲೋಟ ಅಷ್ಟ. ಪೂರ್ತಿ ಕುಡದ್ರ
ನಡುವ ಕಿರಿಬೆರಳು ಎತ್ತಿ ನಿಲ್ಲತೀರಿ.
ಬಸ್‌ಸ್ಟ್ಯಾಂಡಿನ ಮಿರ್ಚಿ ಇವತ್ತು ಹರಾಮು ಅಂದೆ.
ಮೌಲಾಲಿ ನಕ್ಕ.

ಗ್ಯಾನಪ್ಪ ತಾಟು ಮುಟ್ಟಲಿಲ್ಲ.
ಹೊಟ್ಟಿ ತುಂಬ ವಿಜ್ಞಾನ ಐತಕ್ಕಾ, ಜಾಗ ಇಲ್ಲ ಅಂದ.
ಬೈಲಿಲ್ಲ ನಾನು.
ಅಂಬಲಿ ತೆಳ್ಳಗ ಮಾಡಿ, ಅರ್ಧ ನಿಂಬಿಹಣ್ಣು ಹಿಂಡಿ,
ಔಷಧ ಐತಿ, ಕುಡಿ ಅಂದೆ.
ಅಂಜಿಕಿ ಅನ್ನಕ್ಕ ಅಡ್ಡ ನಿಲ್ಲತೈತಿ,
ನೀರಿಗೆ ದಾರಿ ಬಿಡತೈತಿ.
ಬಾಟ್ಲಿಯ ಮ್ಯಾಲಿನ ಚೀಟಿ ಕಿತ್ತು
ಮಡಕಿ ನೀರು ತುಂಬಿ ಕೊಟ್ಟೆ.
ತಾಸಿಗೆ ನಾಕು ಗುಟುಕು, ಗಟಗಟ ಅಲ್ಲ, ತಿಳೀತ?

ಹತ್ತಕ್ಕ ಸಾಲಿ ಗಂಟಿ ಇಲ್ಲಿಗೂ ಕೇಳತೈತಿ.
ನಾನೂ ಹಿಟ್ಟು ನಾದಾಕ ಕೂತೆ.
ಮೊದಲನೇ ತಾಸು: ನುಚ್ಚು ಇನ್ನೂ ಐತಿ ಅವರ ಹೊಟ್ಟಿಯಾಗ.
ಎರಡನೇದು: ಶೇಂಗಾ, ಈಗ ಕೈ ಹಿಡಿ ನೀನು.
ಮೂರನೇದು
ಅಂಬಲಿ ಎಷ್ಟು ದೂರ ನಡದೀತು, ಬರೇ ಅಂಬಲಿ?
ಹೆಂಚಿನ ಮ್ಯಾಲೆ ಒಂದು ರೊಟ್ಟಿ ಸುಟ್ಟಿತು.

ಗ್ಯಾನಪ್ಪ ಬ್ಯಾಗು ಇಳಿಸದ ಒಳಗ ಬಂದ.
ಹನ್ನೊಂದನೇ ಪ್ರಶ್ನಿ ಏನಿತ್ತು ಹೇಳಕ್ಕಾ:
ದೇಹಕ್ಕ ಶಕ್ತಿ ಎಲ್ಲಿಂದ ಬರತೈತಿ?
ಏನು ಬರದಿ?
ಕಾರ್ಬೋಹೈಡ್ರೇಟು ಅಂತ ಬರದೆ.
ಯಾವೂರಾಂವ ಅಂವ, ಅಂದೆ.
ನಕ್ಕು, ಸುಟ್ಟ ರೊಟ್ಟಿನ ಎತಗೊಂಡು
ಮುರಮುರದು ತಿಂದ.
ಚಟ್ನಿ ಸೈತ ಕೇಳಲಿಲ್ಲ.

ನಾಡದು ಗಣಿತ.
ಬೆಲ್ಲ ತೀರೈತಿ. ಸ್ಟೋರಿನ ಕೀಲಿ ಹಿಡಕೊಂಡು
ಸಾಹೇಬ್ರು ರಾಯಚೂರಿಗೆ ಹೋಗ್ಯಾರ.
ಇದ್ರೂ, ಮೆನುದಾಗ ಬೆಲ್ಲ ಎಲ್ಲೈತಿ ಹುಲಿಗೆಮ್ಮಾ ಅಂತಾರ.
ಇರಲಿ. ಮನ್ಯಾಗ ಹಬ್ಬಕ್ಕಿಟ್ಟ ಒಂದು ಅಚ್ಚು ಐತಿ.
ಯುಗಾದಿ ಬೇವಿಗೆ
ಅಷ್ಟೊಂದು ಬೆಲ್ಲ ಯಾಕ ಬೇಕು.