ಡಬ್ಬಿಯ ತೂಕ

ಬ್ಯಾಡಗಿ ಮಾರ್ಕೆಟ್ಟಿನಾಗ ಕಾಯಿಗೆ ಎರಡು ಜಾತಿ:
ಉದ್ದಂದು ಕಡ್ಡಿ, ಗುಂಡಂದು ಡಬ್ಬಿ.
ಕುನ್ನಿಗೆ ಡಬ್ಬಿ ಅಂತ ನಾನಽ ಹೆಸರಿಟ್ಟೆ.
ಖಾಲಿ ಚೀಲದ ಮ್ಯಾಲ ಅಂಗಾತ ಮಲಗಿದ್ರ
ಹೊಟ್ಟಿ ಗುಂಡಗ, ಬಿಗಿಯಾಗಿ ಹೊಳೀತಿತ್ತು.
ತುಂಬು ಮುರಿಯೋ ಹೆಂಗಸರೆಲ್ಲ
"ಗದಿಗೆವ್ವನ ಕೂಳು ಉಂಡು ಹೆಂಗ ಉಬ್ಬೇತಿ ನೋಡ್ರಿ" ಅಂತಿದ್ರು.
ನನಗೂ ಹೆಮ್ಮಿ.
ಯಾರಿಗೆ ಗೊತ್ತು, ಒಳಗ ಬ್ಯಾರೆಯವರು
ಪಂಕ್ತಿ ಹಾಕಿ ಉಣ್ಣಾಕ ಕುಂತಾರಂತ.

ಪಕ್ಕೆಲುಬು ಎಣಿಸಬಹುದಿತ್ತು. ಯಾರೂ ಎಣಿಸಲಿಲ್ಲ.
ನಾವು ಎಣಿಸೂದು ಚೀಲ.

ಒಂದಿನ ಕೆಮ್ಮಿ ಕೆಮ್ಮಿ ಕಾರಿಕೊಂಡ್ತು.
ಹಬ್ಬಕ್ಕ ಹೊಸೆದ ಶಾವಿಗಿ ಎಳಿ ಹಂಗ
ಬೆಳ್ಳಗ. ಆದ್ರ ಮಿಸುಕಾಡ್ತಿತ್ತು.

ಸಲಹಾಕ ಬರ ಇಲ್ಲ ನಮ್ಮ ಓಣ್ಯಾಗ.
ಬೆಳ್ಳುಳ್ಳಿ ಜಜ್ಜಿ ಹಾಕು ಅಂದ್ಳು ಕಾಶೀಂಬಿ,
ಬೇವಿನ ರಸ ಅಂದ ಚಾದಂಗಡಿ ಮುದುಕ,
ಹಮಾಲ ಫಕೀರಪ್ಪ ಎಲಿ ಸಂಚಿ ಬಿಚ್ಚಿ
"ತಂಬಾಕು ನೆನಿಸಿದ ನೀರು, ಒಂದಽ ಗುಟುಕು,
ಹುಳ ತಾವಾಗೇ ಗಂಟು ಕಟ್ಟಿಕೊಂಡು ಹೊಂಡ್ತಾವ."

ಇದನ್ನ ಹೇಳಬಾರದಂತಿದ್ದೆ.
ಡಬ್ಬಿಗೆ ಒಂದು ತಂಗಿ ಇತ್ತು, ಬಿಳೇದು.
ಹ್ವಾದ ಅಮಾಸಿಗೆ ಅದಕ್ಕ ಇದಽ ನೀರು ಕುಡಿಸಿದ್ವಿ.
ಬಾಯಿ ಅಗಲಿಸಿ ಹಿಡಿದ ಕೈ ಇವಽ.
ಕಾಯಿ ಘಾಟು ಹತ್ತಿದ ಬೆರಳಿಗೆ
ಅದರ ಹಾಲುಹಲ್ಲು ನಟ್ಟಿದ್ದು ನೆನಪೈತಿ.
ಹುಳ ಹೋದ್ವು. ಬೆಳಗಾಗೂದ್ರೊಳಗ ಅದೂ ಹೋತು.

ಅದಕ್ಕ ಫಕೀರಪ್ಪನ ಸಂಚಿ ಅವನ ಕೈಯಾಗಽ ಮಡಚಿಟ್ಟು,
ಅರ್ಧ ದಿನದ ಪಗಾರ ಬಿಟ್ಟು,
ಡಬ್ಬೀನ ಸೆರಗಿನಾಗ ಸುತ್ತಿಕೊಂಡು
ದನದ ದವಾಖಾನಿಗೆ ನಡದೆ.
ಹೇಲು ಒಯ್ಯಬೇಕಂತ, ತಿಳಿದವರು ಹೇಳಿದ್ರು.
ಕಡ್ಡಿಪೆಟ್ಟಿಗ್ಯಾಗ ಹಾಕಿ ಸೊಂಟಕ್ಕ ಸಿಗಿಸಿದ್ದೆ.
ಹಾದ್ಯಾಗ ಒಬ್ಬ ಬೀಡಿ ಹಿಡಕೊಂಡು
"ಅಕ್ಕಾ, ಕಡ್ಡಿ ಕೊಡು" ಅಂದ.
ಡಬ್ಬಿ ಐತಿ, ಕಡ್ಡಿ ಇಲ್ಲೋ ಯಪ್ಪಾ ಅಂದೆ.

ಚೀಟಿ ಬರಿಯವ "ಹೆಸರು?" ಅಂದ. ಗದಿಗೆವ್ವ.
"ನಿಂದಲ್ಲವ್ವಾ, ಪೇಷಂಟಿಂದು." ಡಬ್ಬಿ.
"ಕ್ವಿಂಟಲ್ ಹೆಂಗ?" ಅಂತ ನಕ್ಕ.

ಡಾಕ್ಟರ್ ಬಾಯಾರು ನಗಲಿಲ್ಲ.
ಪೆಟ್ಟಿಗಿ ಒಳಗಿಂದು ದುರ್ಬೀನಿನಾಗ ನೋಡಿದ್ರು,
ತುಟಿ ಮ್ಯಾಲೆತ್ತಿ ಒಸಡು ಒತ್ತಿದ್ರು, "ರಕ್ತಽ ಇಲ್ಲಲ್ಲ" ಅಂದ್ರು.
"ಎತ್ತಿಕೊಂಡು ಕಾಟಾದ ಮ್ಯಾಲ ನಿಂದ್ರು."
ನಲವತ್ತೆಂಟು.
"ಈಗ ಇಳಿಸಿ, ನೀನೊಬ್ಬಾಕಿ ನಿಂದ್ರು."
ನಲವತ್ಮೂರು.

ಇಪ್ಪತ್ತು ವರ್ಷ ಕಾಟಾದ ಬಾಜೂಕ ಕುಂತೇನಿ.
ಕಾಯಿ ತೂಗ್ಯಾರ, ಚೀಲ ತೂಗ್ಯಾರ, ಉದುರಿದ ಬೀಜ ಸೈತ ತೂಗ್ಯಾರ.
ನನ್ನ ತೂಕ ನನಗ ಗೊತ್ತಾಗಿದ್ದು ಆವತ್ತು,
ನಾಯಿ ಕಳದು ಉಳಿದದ್ದು.

ಐದು ಕಿಲೋಕ್ಕ ಅರ್ಧ ಗುಳಿಗಿ.
ಗುಟುಕಲ್ಲ, ಚಿಟಿಕಿ ಅಲ್ಲ, ಅಂದಾಜಲ್ಲ.
ಬಾಯಾರು ನಡುಗೆರಿಗೆ ಮುರಿದ್ರು,
ನಾವು ತುಂಬು ಮುರಿದಂಗ, ಚಟ್ ಅಂತ.

ಬಿಳೇದರ ಸುದ್ದಿ ಹೇಳಿದೆ.
ಕೈ ತೊಳಕೊಂಡು ಬಂದು ಅಂದ್ರು,
"ತಾಯಿ ಹೊಟ್ಟ್ಯಾಗಿದ್ದಾಗನಽ ಬಂದಿರ್ತಾವ ಹುಳ,
ಹಾಲಿನಾಗೂ ಬರ್ತಾವ."
ಬೈದಿದ್ರ ಹಗುರಾಗ್ತಿದ್ದೆ.

ಆಮ್ಯಾಲ ಕೇಳಿದ್ರು: ಮನ್ಯಾಗ ಸಣ್ಣ ಹುಡುಗ್ರು ಅದಾರೇನು?
ನಾಯಿ ಹೇತ ಮಣ್ಣಾಗ ಆಡ್ತಾರೇನು?
ಮೊಮ್ಮಗಳು ಪಾರಿ ಹೊಟ್ಟಿ ಕಣ್ಣಮುಂದ ಬಂತು.
ಅದೂ ಗುಂಡಗ.
ಅದಕ್ಕೂ ನಾನು ಹೆಮ್ಮಿ ಪಟ್ಟಾಕಿ.
"ಅಕಿಗೆ ಈ ಗುಳಿಗಿ ಕೊಟ್ಟೀ ಮತ್ತ!
ಮನಶ್ಯಾರ ದವಾಖಾನಿ ಆಚೀಕಡೆ."

ಹದಿನೈದು ದಿನಕ್ಕ ಇನ್ನೊಮ್ಮೆ ಬಾ ಅಂದಾರ.
ಕ್ಯಾಲೆಂಡರಿನ ಆ ಮನಿಗೆ
ಒಂದು ಒಣ ತುಂಬು ಚುಚ್ಚಿಟ್ಟೇನಿ.
ಹೊಟ್ಟಿ ಇಳದು ಡಬ್ಬಿ ಈಗ ಕಡ್ಡಿ ಆಗೇತಿ,
ಹೆಸರು ಬದಲಿಸು ಅಂತಾರ ಎಲ್ಲಾರೂ.

ತಡೀರಿ.
ಇನ್ನ ಮ್ಯಾಲ ಅದು ಉಂಡದ್ದು
ಅದಕ್ಕಽ ಹತ್ತಲಿ.