ಮೂರನೇ ಚುಚ್ಚು

ಆರೂವರೆಗೆ ಶಟರ್ ಎತ್ತುತ್ತೇನೆ.
ದುರ್ಗಿಗುಡಿಯ ನಮ್ಮ ಲ್ಯಾಬಿನ ಮೆಟ್ಟಿಲ ಮೇಲೆ
ಆಗಲೇ ಖಾಲಿ ಹೊಟ್ಟೆಯ ಜನ,
ಪಕ್ಕದ ಹೋಟೆಲಿನ ಒಗ್ಗರಣೆಗೆ ಬೆನ್ನು ಮಾಡಿಕೊಂಡು.
ಕೈ ಚಾಚಿ, ಮುಷ್ಟಿ ಹಿಡೀರಿ, ಆಯ್ತು, ಬಿಡಿ.
ಒಂಬತ್ತರ ಹೊತ್ತಿಗೆ ಯಂತ್ರ ತಿರುಗಿ ನಿಂತು
ಕೊಳವೆಗಳಲ್ಲಿ ಕೆಂಪು ಕೆಳಗೆ, ಹಳದಿ ಮೇಲೆ.
ಒಂಬತ್ತೂಕಾಲಿಗೆ ಇನ್ನೊಂದು ಶಟರ್ ಏಳುತ್ತದೆ,
ಅಂಗೈಯಲ್ಲಿ.

ಹಾಕಿದ್ದು ಹದಿನೈದು ಸಾವಿರ,
ಬಿ.ಎಚ್. ರಸ್ತೆಯ ಚೀಟಿ ಎತ್ತಿದ ದುಡ್ಡು.
ಮೊದಲ ವಾರ ಒಂದು ಸಿಮೆಂಟ್ ಕಂಪನಿ ಎಂಟುನೂರು ಕೊಟ್ಟಿತು;
ಅವತ್ತಿನಿಂದ ಬೆರಳಿಗೆ ಸುಮ್ಮನಿರುವುದು ಮರೆತುಹೋಯಿತು.
ಕೊಂಡೆ, ಎರಡು ರೂಪಾಯಿ ಇಳಿಯಿತು, ಮಾರಿದೆ.
ಮಾರಿದ ಮೇಲೆ ಏರಿತು. ಅವಮಾನ. ಮತ್ತೆ ಕೊಂಡೆ.
ಸಕ್ಕರೆ ಬಿಟ್ಟು ಬ್ಯಾಂಕು, ಬ್ಯಾಂಕು ಬಿಟ್ಟು ಟೈರು,
ಟೈರು ಬಿಟ್ಟು ಹೆಸರೇ ಬಾಯಿಗೆ ಹೊರಳದ ಯಾವುದೋ ಕೆಮಿಕಲ್ಲು.
ಹೋದ ಪುಟ್ಟ, ಬಂದ ಪುಟ್ಟ.
ಡಬ್ಬಿ ತೆರೆದದ್ದು ಮೂರೂಮುಕ್ಕಾಲಿಗೆ,
ಚಿತ್ರಾನ್ನ ಮುಚ್ಚಳದ ಆಕಾರಕ್ಕೆ ಗಟ್ಟಿಯಾಗಿತ್ತು.

ಸಂಜೆ ಲೆಕ್ಕದ ಚೀಟಿ ಬಂತು,
ನಾನು ಊರಿಗೆಲ್ಲ ಕೊಡುವ ರಿಪೋರ್ಟಿನ ಹಾಗೇ, ಸಾಲು ಸಾಲು ಅಂಕಿ.
ಆರ್ಡರು ಇಪ್ಪತ್ತೆಂಟು.
ಗೆಲುವು ಆರುನೂರ ನಲವತ್ತು.
ದಲ್ಲಾಳಿಗೆ, ತೆರಿಗೆಗೆ, ಮೂರಕ್ಷರದ ಇನ್ನೇನೇನಕ್ಕೋ
ಒಂಬೈನೂರ ಎಪ್ಪತ್ತು.
ಗೆದ್ದೆ, ಗೆದ್ದೂ ಮುನ್ನೂರ ಮೂವತ್ತು ಕಳಕೊಂಡೆ.
ಇದು ಯಾವ ಕಾಯಿಲೆ ಎಂದು ಕೇಳೋಣವೆಂದರೆ
ನಮ್ಮಲ್ಲಿ ಡಾಕ್ಟರಿಲ್ಲ, ಬರೀ ಅಳೆಯುವವರು.

ಗುರುವಾರ ಹತ್ತು ದಾಟಿದ ಮೇಲೆ
ಹೊಸಮನೆಯ ಗಂಗೋಜಿ ರಾವ್ ಬಂದರು.
ಹಳೇ ಶುಗರಿನವರು, ನರಗಳೆಲ್ಲ ಒಳಗೊಳಗೇ ಅಡಗಿದವು.
ಏಪ್ರನ್ನಿನ ಜೇಬಲ್ಲಿ ಫೋನು ಅದಾಗಲೇ ಎರಡು ಸಲ ನಡುಗಿತ್ತು,
ಎರಡೂ ನಷ್ಟ.
ಮೊದಲ ಚುಚ್ಚು, ಸೂಜಿ ಒಣಗಿಯೇ ಬಂತು.
ಎರಡನೆಯದು ನರದ ಪಕ್ಕ ಜಾರಿತು.
ಅವರು ಏನೂ ಅನ್ನಲಿಲ್ಲ, ಕ್ಯಾಲೆಂಡರಿನ ರಜೆಗಳನ್ನು ಓದುತ್ತ ಕೂತರು.
ನಾನು ಇನ್ನೊಂದು ಮೊಣಕೈ ತಟ್ಟಿದೆ,
ಇಲ್ಲೇ ಇದೆ, ಈಗ ಸಿಗುತ್ತೆ, ಈಗ,

ಫಿಲೋಮಿನಾ ಮೇಡಂ ನನ್ನ ಮಣಿಕಟ್ಟು ಹಿಡಿದರು.
“ವಾರಿಜಾ, ಎರಡಾಯ್ತು. ಸೂಜಿ ಇಡು.
ಮೂರನೇದು ರಕ್ತಕ್ಕಲ್ಲ, ನಿನ್ನ ಹಟಕ್ಕೆ.”

ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು ಇದನ್ನ.
ಸ್ಟೂಲು ಎಳೆದು ಕೂತರು. ಕೂತೇ ಇದ್ದರು.
ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿದರು,
ಮೊಮ್ಮಗಳು ಯಾವ ಕ್ಲಾಸು ಅಂತ ಕೇಳಿದರು,
ಬೆರಳ ತುದಿ ಚರ್ಮದ ಮೇಲೆ ಇಟ್ಟು
ಹಾಗೇ, ಏನನ್ನೂ ಮಾಡದೆ.
ಏನೂ ಮಾಡದಿರುವುದಕ್ಕೂ ಕೈ ಪಳಗಬೇಕು ಅಂತ
ನನಗೆ ಯಾರೂ ಹೇಳಿರಲಿಲ್ಲ.
ಆಮೇಲೆ ಒಂದೇ ಸಲ.
ಕೊಳವೆಯಲ್ಲಿ ಕಡುಗೆಂಪು ಸದ್ದಿಲ್ಲದೆ ಏರಿತು.

ಮರುದಿನ ರಿಪೋರ್ಟಿಗೆ ಬಂದಾಗ ಅವರ ಕೈಯಲ್ಲಿ
ನನ್ನವು ಎರಡು ನೀಲಿ ಕಲೆ.
ಮೇಡಮ್ಮಿನದನ್ನು ಹುಡುಕಿದೆ, ಕಾಣಲಿಲ್ಲ.

ಈಗ ಎರಡು ಆಟಕ್ಕೆ ಫೋನು ಡ್ರಾಯರು ಸೇರುತ್ತದೆ,
ರಬ್ಬರು ಪಟ್ಟಿಗಳ ಜೊತೆ. ಬೀಗದ ಕೈ ಮೇಡಮ್ಮಿನ ಸೊಂಟದಲ್ಲಿ.
ಕೆಲವು ದಿನ ಎರಡೂ ಇಲ್ಲ;
ಪುಸ್ತಕದಲ್ಲಿ ತಾರೀಖು ಬರೆದು ಸೊನ್ನೆ ಸುತ್ತುತ್ತೇನೆ.

ನೆಮ್ಮದಿ ಅಂದುಕೊಳ್ಳಬೇಡಿ. ನಿನ್ನೆ
ನಾನು ಮುಟ್ಟದೇ ಬಿಟ್ಟ ಟೈರು ಶೇಕಡಾ ಐದು ಏರಿತ್ತು.
ಮೂರೂವರೆಗೆ ನೋಡಿದಾಗ ಹೊಟ್ಟೆ ಹಿಂಡಿದ ಹಾಗಾಯಿತು.
ಹತ್ತಿ ಒತ್ತಿ ಹಿಡೀರಿ, ಉಜ್ಜಬೇಡಿ ಅಂತ
ದಿನಕ್ಕೆ ನಲವತ್ತು ಜನಕ್ಕೆ ಹೇಳುವವಳು
ನನಗೇ ಹೇಳಿಕೊಂಡೆ.
ಒತ್ತಿ ಹಿಡಿದೆ,
ಐದು ನಿಮಿಷ.