ಬಾಗಿಲಿಗೆ ಒತ್ತಿಟ್ಟ ಕಲ್ಲು

ಬಾಣಾವರದ ಹೈಸ್ಕೂಲಿನ ಗೋಡೆ ನಕ್ಷೆಯಲ್ಲಿ
ಪೆಸಿಫಿಕ್ ಸಾಗರಕ್ಕೆ ಹುಳ ಬಿದ್ದು ಹತ್ತು ವರ್ಷ.
ದ್ವೀಪ ಯಾವುದು, ಹುಳ ತಿಂದ ತೂತು ಯಾವುದು,
ಇಪ್ಪತ್ತಾರು ವರ್ಷ ಪಾಠ ಮಾಡಿದ ನನಗೂ
ಕೋಲಿಟ್ಟು ಹೇಳುವ ಧೈರ್ಯವಿಲ್ಲ.

'ನೌರು' ಎಂದೆ, ತೂತೊಂದರ ಪಕ್ಕಕ್ಕೆ.
'ನಮ್ಮೂರ ಕೆರೆಗಿಂತ ದೊಡ್ಡದಾ ಸಾರ್?'
ಮುಬೀನಾ. ಕಾಯಿ ಸುಲಿಯುವ ದಸ್ತಗೀರನ ಮಗಳು,
ಉಗುರಿನ ಸಂದಿಯಲ್ಲೆಲ್ಲ ನಾರಿನ ಕಂದು.

ದೊಡ್ಡದೇ ಮಗು, ಹೇಳಿಕೊಳ್ಳುವಷ್ಟಲ್ಲ.
ಇಲ್ಲಿಂದ ಮೊಪೆಡ್ಡಿನಲ್ಲಿ ಹೊರಟು
ಅರಸೀಕೆರೆ ದಾಟಿ ಇನ್ನೆರಡು ಮೈಲಿ,
ಅಷ್ಟರಲ್ಲಿ ಆ ದೇಶವನ್ನು ಒಂದು ಸುತ್ತು ಬಂದಿರುತ್ತೀಯ.
ಹೌದು, ದೇಶವೇ. ಬಾವುಟವಿದೆ:
ನೀಲಿಯ ನಡುವೆ ಹಳದಿ ಗೆರೆ, ಅದು ಸಮಭಾಜಕ ವೃತ್ತ,
ಕೆಳಗೆ ಬಿಳಿ ನಕ್ಷತ್ರ, ಹನ್ನೆರಡು ಮೊನೆ,
ಹನ್ನೆರಡು ಕುಲಕ್ಕೆ ಒಂದೊಂದು.
ಎರಡು ಕುಲ ಈಗಿಲ್ಲವಂತೆ.
ಮೊನೆ ಅಳಿಸಿಲ್ಲ.

ಅಂಚಿಗೆಲ್ಲ ತೆಂಗು.
('ನಮ್ಮಂಗೇ' ಎಂದಿತು ಹಿಂದಿನ ಬೆಂಚು.)
ಕೊಬ್ಬರಿಗೆಂದೇ ಬಂದರು ಹಡಗಿನವರು,
ಕೊಬ್ಬರಿ ಒಯ್ದರು, ಬಂದೂಕು ಕೊಟ್ಟರು.
ಹತ್ತು ವರ್ಷ ತಮ್ಮತಮ್ಮಲ್ಲೇ ಸುಟ್ಟುಕೊಂಡರು ಇವರು.
ನಮ್ಮ ಮಂಡಿಯಲ್ಲಿ ತೂಕದಲ್ಲಿ ಮಾತ್ರ ಹೊಡೆಯುತ್ತಾರೆ,
ಪುಣ್ಯ, ಎಂದೆ.
ಯಾರೂ ನಗಲಿಲ್ಲ.

ಆಮೇಲೆ ಆ ಕಲ್ಲು.
ದ್ವೀಪದಿಂದ ಯಾರೋ ಎತ್ತಿಕೊಂಡು ಹೋದದ್ದು,
ಸಿಡ್ನಿಯ ಆಫೀಸೊಂದರಲ್ಲಿ
ಬಾಗಿಲು ಬಡಿಯದಿರಲೆಂದು ಒತ್ತಿಟ್ಟದ್ದು.
ಎಲ್ಲರೂ ಕಾಲಲ್ಲಿ ಸರಿಸಿಕೊಂಡೇ ಓಡಾಡಿದರು.
ಒಬ್ಬನಿಗೆ ಅನುಮಾನ. ಚೂರು ಒಡೆದು ಪರೀಕ್ಷೆ ಮಾಡಿದ:
ರಂಜಕ. ಅಂದರೆ ಗೊಬ್ಬರ.
ಅಂದರೇನೆಂದು ನಿಮಗೆ ಬಿಡಿಸಿ ಹೇಳಬೇಕೆ.

ನಡುಭಾಗವನ್ನೆಲ್ಲ ತೋಡಿದರು,
ಕಾಯಿಯಿಂದ ಕೊಬ್ಬರಿ ಎಬ್ಬಿಸಿದ ಹಾಗೆ
(ಅಲ್ಲ, ಎಬ್ಬಿಸಿದ ಮೇಲೆ ಚಿಪ್ಪು ನುಣ್ಣಗಿರುತ್ತದೆ).
ಅಲ್ಲಿ ಉಳಿದದ್ದು ಹಲ್ಲು,
ಆಳೆತ್ತರ, ಎರಡಾಳೆತ್ತರ, ಸುಣ್ಣಕಲ್ಲಿನ ಬೂದು ಹಲ್ಲು.
ಯಾರದೋ ಹುಲ್ಲುಗಾವಲು ಹಸಿರಾಯಿತು.
ನಮ್ಮ ಸೊಸೈಟಿ ಗೋದಾಮಿಗೂ ಆ ಪುಡಿ ಬಂದಿತ್ತೋ ಏನೋ,
ರಾಗಿ ಹೊಲಕ್ಕೆ ನಮ್ಮಪ್ಪ ಎರಚಿದ್ದನೋ ಏನೋ,
ಮೂಟೆಯ ರಶೀದಿಯಲ್ಲಿ ಊರ ಹೆಸರಿರುವುದಿಲ್ಲ.

ಯುದ್ಧ ಬಂತು. ಜಪಾನಿನವರು
ಸಾವಿರದಿನ್ನೂರು ಜನರನ್ನು ಹಡಗಿಗೆ ತುಂಬಿ
ಬೇರೊಂದು ದ್ವೀಪಕ್ಕೆ ಸಾಗಿಸಿದರು.
ತಿರುಗಿ ಬಂದವರು ಏಳುನೂರ ಮೂವತ್ತೇಳು.
ಪಠ್ಯದಲ್ಲಿಲ್ಲ ಇದು. ಬೋರ್ಡಿನ ಮೇಲೆ ಬರೆದೆ,
ಅಳಿಸಲು ಕೈ ಬರಲಿಲ್ಲ.
ಮುಂದಿನ ಪೀರಿಯಡ್ಡಿಗೆ ಬಂದ ವಿಮಲಾಕ್ಷಿ ಮೇಡಂ
ಲೆಕ್ಕವೆಂದುಕೊಂಡು ಅಪವರ್ತಿಸಲು ಹೇಳಿದರಂತೆ.
ಹನ್ನೊಂದು ಗುಣಿಸು ಅರವತ್ತೇಳು.
ಶೇಷವೇನೂ ಉಳಿಯುವುದಿಲ್ಲ.

ಒಂದು ಮರೆತೆ: ದಾರದಾಟ.
ಎರಡು ಕೈಯ ಬೆರಳುಗಳಲ್ಲಿ ಹುರಿ ಹೆಣೆದು
ಹಕ್ಕಿ ಮಾಡುವುದು, ದೋಣಿ ಮಾಡುವುದು,
ಎಳೆದರೆ ಎಲ್ಲ ಬಿಚ್ಚಿಕೊಂಡು ಬರಿ ಹುರಿ.
ಹೇಗೆಂದು ನನಗೆ ಗೊತ್ತಿಲ್ಲ, ಓದಿದ್ದಷ್ಟೆ.
ಮುಬೀನಾ ಬ್ಯಾಗಿನಿಂದ ತೆಂಗಿನ ಹುರಿ ತೆಗೆದಳು.
ಆ ದಿನ ಮತ್ತೆ ಪಾಠ ಕೇಳಲಿಲ್ಲ.

ನಮ್ಮ ಸ್ಟಾಫ್ ರೂಮಿನ ಬಾಗಿಲಿಗೂ ಒಂದು ಕಲ್ಲಿದೆ.
ಯಾವ ಕಾಲದ್ದೋ, ಯಾರು ತಂದಿಟ್ಟರೋ.
ಸಂಜೆ ಹಾಜರಿ ಪುಸ್ತಕ ತಂದವಳು
ಕುಕ್ಕರುಗಾಲಲ್ಲಿ ಕೂತು ಉಗುರಲ್ಲಿ ಕೆರೆದಳು, ಮೂಸಿದಳು,
ಆಚೀಚೆ ನೋಡಿ ಮೆಲ್ಲಗೆ:
'ಸಾರ್, ಇದನ್ನ ಯಾರಿಗೂ ತೋರಿಸ್ಬೇಡಿ.'

ಮಾರನೆಯ ದಿನ ಕಲ್ಲಿಲ್ಲ.
ಬಾಗಿಲೂ ಬಡಿಯುತ್ತಿಲ್ಲ.
ಚಿಲಕದಿಂದ ಕಿಟಕಿಯ ಸರಳಿಗೆ ಹುರಿ ಬಿಗಿದಿದೆ,
ಅಡ್ಡ, ಓರೆ, ಒಂದರ ಹೊಟ್ಟೆಯೊಳಗೊಂದು ನುಸುಳಿ,
ಹಕ್ಕಿಯೋ ದೋಣಿಯೋ.
ಬಿಚ್ಚಲು ಹೋಗಿ ಸೋತ ಜವಾನ ರುದ್ರಣ್ಣ
ಬೈಯುತ್ತ, ಬಗ್ಗಿ, ಅದರಡಿಯಿಂದಲೇ ಒಳಗೆ ಬಂದ,
ತಟ್ಟೆಯಲ್ಲಿ ಆರು ಲೋಟ ಚಹಾ, ತುಳುಕದ ಹಾಗೆ.